ನೀರಿನ ಟ್ಯಾಂಕಿಯ ಪ್ರಕಟಣೆ

ಗೊತ್ತಿರುವ ಮುಖವನ್ನು ಗೊತ್ತಿಲ್ಲದವರ ಹಾಗೆ ನೋಡುವುದು ಹೇಗೆಂದು ರಾಜೀವಿ ರೈಲಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಎದುರು ಸೀಟಿನಲ್ಲಿ ಮಗಳ ಪ್ರಾಯದ ಒಬ್ಬಳು ಸ್ಟೀಲಿನ ಡಬ್ಬಿ ತೆರೆದು ಅಕ್ಕಿಹಿಟ್ಟಿನ ಪುಟ್ಟು ಮುರಿಯುತ್ತಿದ್ದಳು. ಒಮ್ಮೆ ನೋಡುವುದು, ಕಣ್ಣು ತೆಗೆಯುವುದು, ಪುನಃ ಏನೋ ಕೆಲಸಕ್ಕೆಂಬಂತೆ ನೋಡುವುದು. ತೀರ ಕಡಿಮೆ ನೋಡಿದರೆ ತಪ್ಪಿಸಿಕೊಂಡಂತಾಗುತ್ತದೆ, ತುಸು ಹೆಚ್ಚಾದರೆ ಮಮತೆಯಾಗುತ್ತದೆ. ಅಪರಿಚಿತರನ್ನು ಅಪರಿಚಿತರಂತೆ ನೋಡುವುದಕ್ಕೂ ಇಷ್ಟು ಯೋಚಿಸಬೇಕಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಹೀಗೆ ನೋಡಿ ನೋಡಿ ಕೊನೆಗೆ ಆ ಹುಡುಗಿ ಡಬ್ಬಿಯನ್ನೇ ಮುಂದೆ ಚಾಚಿ, "ಬೇಕಾ ಆಂಟೀ?" ಎಂದು ಮಲಯಾಳದಲ್ಲಿ ಕೇಳಿಬಿಟ್ಟಳು. ಹಸಿದವಳಂತೆ ಕಂಡಿರಬೇಕು. ಬೇಡವೆಂದು ಕೈಯಾಡಿಸಿ ರಾಜೀವಿ ಕಿಟಕಿಯ ಕಡೆ ತಿರುಗಿದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ತಿರುವನಂತಪುರದ ಒಂದು ಸರಕಾರಿ ನಿಗಮದ ಸಂದರ್ಶನದ ಕೋಣೆಯಲ್ಲಿ ಅವಳು ಕನ್ನಡ ಪರಿಣತೆಯೆಂದು ಕುರ್ಚಿಯಲ್ಲಿ ಕೂತಿರುತ್ತಾಳೆ. ಬಾಗಿಲು ತೆರೆದು ಅವಳ ಒಬ್ಬಳೇ ಮಗಳು ಅನನ್ಯ ಒಳಗೆ ಬರುತ್ತಾಳೆ. ಆ ಹೊತ್ತಿಗೆ ಅವರಿಬ್ಬರೂ ಜೀವಮಾನದಲ್ಲಿ ಒಬ್ಬರನ್ನೊಬ್ಬರು ಕಂಡವರಲ್ಲ.

ಇದು ಶುರುವಾದದ್ದು ಒಂದು ಟೆಲಿಫೋನಿನಿಂದ. ಕಾಸರಗೋಡಿನ ಶಾಖೆಗೆ ಕನ್ನಡ ಬಲ್ಲ ಗುಮಾಸ್ತರು ಬೇಕು, ಇರುವುದು ಒಂದೇ ಹುದ್ದೆ, ಅಭ್ಯರ್ಥಿಗಳಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ನೋಡಿ ಹೇಳಲು ಪ್ರತಿ ಸಲ ಕಾಸರಗೋಡಿನಿಂದ ರತ್ನಾಕರ ಮಾಸ್ಟರು ಬರುತ್ತಿದ್ದರು, ಈಗ ಅವರ ಸೊಂಟ ಹಿಡಿದುಬಿಟ್ಟಿದೆ, ಎರ್ನಾಕುಳಂ ಕೋರ್ಟಿನಲ್ಲಿ ಕನ್ನಡ ಅನುವಾದಕಿಯಾದ ನೀವು ಬರಬಹುದಾ ಎಂದು ಕೇಳಿದ ದನಿ, ಕೊನೆಗೆ ಅಡುಗೆಗೆ ಉಪ್ಪು ಸೇರಿಸುವಷ್ಟು ಸಲೀಸಾಗಿ, "ಅಭ್ಯರ್ಥಿಗಳಲ್ಲಿ ನಿಮ್ಮ ಸಂಬಂಧಿಕರು ಯಾರೂ ಇಲ್ಲ ತಾನೇ ಮೇಡಂ?" ಎಂದಿತು. "ಇಲ್ಲ" ಎಂದಳು ರಾಜೀವಿ. ಮಗಳಿಂದ ಆ ಹುದ್ದೆಗೆ ಅರ್ಜಿ ಹಾಕಿಸಿದ್ದು ಅವಳೇ. ಲಿಖಿತ ಪರೀಕ್ಷೆಯಲ್ಲಿ ಮಗಳು ಎಲ್ಲರಿಗಿಂತ ಮುಂದೆ ಬಂದದ್ದೂ ಗೊತ್ತಿತ್ತು. ಉಳಿದದ್ದು ಈ ಓದುವ ಪರೀಕ್ಷೆಯೊಂದು. ಎರ್ನಾಕುಳಂನ ಎಡಪ್ಪಳ್ಳಿಯಲ್ಲಿ ಬೆಳೆದ ಅನನ್ಯಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ, ಅಕ್ಷರ ಒಂದೂ ತಿಳಿಯದು. ಆ ‘ಇಲ್ಲ’ ಬಾಯಿಂದ ಹೊರಟ ಮೇಲೆ ರಾಜೀವಿಗೆ ಅದರ ದನಿ ಪರಿಚಿತವೆನಿಸಿತು. ಸಾಕ್ಷಿಕಟ್ಟೆಯ ಪಕ್ಕದಲ್ಲಿ ನಿಂತು ಅಂಥ ಎಷ್ಟೋ ‘ಇಲ್ಲ’ಗಳನ್ನು ಅವಳು ಮಲಯಾಳಕ್ಕೆ ತಂದಿದ್ದಾಳೆ. ಕುಂಬಳೆ ಕಡೆಯ ಒಬ್ಬ ತಾಯಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಆ ದಿವಸ ಮಗ ಮನೆಯಲ್ಲೇ ಇದ್ದ, ನಾನೇ ಗಂಜಿ ಬಡಿಸಿದ್ದು ಎಂದಿದ್ದಳು. ಅನುವಾದಕರು ‘ಅವಳು ಹೇಳುತ್ತಾಳೆ’ ಎನ್ನುವಂತಿಲ್ಲ. ‘ನಾನೇ ಗಂಜಿ ಬಡಿಸಿದ್ದು’ ಎಂದು ತುಂಬಿದ ಕೋರ್ಟಿನಲ್ಲಿ ರಾಜೀವಿಯೇ ಹೇಳಿದ್ದಳು. ಸುಳ್ಳೆಂದು ಗೊತ್ತಿದ್ದೂ ಅಷ್ಟೇ ಸ್ಪಷ್ಟವಾಗಿ, ಒಂದು ಪದ ಕೂಡಿಸದೆ, ಒಂದು ಪದ ಕಳೆಯದೆ. ನ್ಯಾಯಾಧೀಶರು ಆ ಹೆಂಗಸನ್ನು ನೋಡದೆ ಇವಳನ್ನು ನೋಡಿ ನಿಟ್ಟುಸಿರಿಟ್ಟಿದ್ದರು.

ಮಗಳಿಗೊಂದು ಕೆಲಸ ಎಂದು ರಾಜೀವಿ ತನಗೆ ತಾನೇ ಹೇಳಿಕೊಂಡಿದ್ದರೂ ಅನನ್ಯಳಿಗೆ ಕೆಲಸ ಇಲ್ಲದೆ ಇರಲಿಲ್ಲ. ಎಡಪ್ಪಳ್ಳಿಯ ದೊಡ್ಡ ಮಾಲಿನಲ್ಲಿ ಸೆಂಟಿನ ಕೌಂಟರಿನ ಮುಂದೆ ಕಪ್ಪು ಕೋಟು ಹಾಕಿ ನಿಂತು, ಹೋಗಿ ಬರುವವರಿಗೆ ಕಾಗದದ ಪಟ್ಟಿಯ ಮೇಲೆ ಪರಿಮಳ ಸಿಂಪಡಿಸಿ ಕೊಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಮದುವೆಮನೆಯೇ ಬಂದ ಹಾಗೆ. ಮಟ್ಟಾಂಚೇರಿಯ ಶುಂಠಿ, ಮೆಣಸಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ಅಪ್ಪ ಗಣೇಶಪ್ರಸಾದ್ ಅವಳನ್ನು ಕಂಡ ಕೂಡಲೇ ಸೀನುತ್ತಿದ್ದ. ಅವನ ಅಂಗಿಯ ಘಾಟಿಗೆ ಅವಳೂ ಸೀನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ರಾಜೀವಿಗೆ ಆ ನಗು ಅರ್ಥವಾಗುತ್ತಿರಲಿಲ್ಲ. ಒಂದು ದಿನ ಕೋರ್ಟಿನ ಶಿರಸ್ತೇದಾರರೂ ಅವರ ಹೆಂಡತಿಯೂ ಅದೇ ಮಾಲಿನಲ್ಲಿ ಸಿಕ್ಕಿದರು. ಮಾತನಾಡುತ್ತ ಜತೆಗೇ ನಡೆಯುತ್ತಿದ್ದಾಗ ತಿರುವಿನಲ್ಲಿ ಥಟ್ಟನೆ ಕೌಂಟರು ಎದುರಾಯಿತು. ಅನನ್ಯ ಯಾರಿಗೋ ಪಟ್ಟಿ ಚಾಚಿ ನಿಂತಿದ್ದಳು. ರಾಜೀವಿ ಪಕ್ಕದ ಅಂಗಡಿಯ ಗಾಜಿನತ್ತ ತಿರುಗಿ ಅಲ್ಲಿದ್ದ ಗಂಡಸರ ಚಪ್ಪಲಿಗಳನ್ನು, ಅಂಗುಷ್ಠದ ಬಳಿಯ ಹೊಲಿಗೆಯನ್ನೂ ಬಿಡದೆ, ಬಹಳ ಹೊತ್ತು ಪರೀಕ್ಷಿಸಿದಳು. "ಪ್ರಸಾದರಿಗಾ?" ಎಂದು ಶಿರಸ್ತೇದಾರರ ಹೆಂಡತಿ ಕೇಳಿದಾಗ ಹೌದೆಂದಳು. ಮಗಳು ನೋಡಿರಲಿಲ್ಲ, ಖಂಡಿತ ನೋಡಿರಲಿಲ್ಲ. ಅವಳ ಮುಖ ಆ ಕಡೆಗಿತ್ತು. ಆಮೇಲೆ ಒಂದು ತಿಂಗಳೂ ಕಳೆಯದೆ ಕೋಚಿಂಗ್ ಕ್ಲಾಸೆಂದು ಮಗಳನ್ನು ತಿರುವನಂತಪುರಕ್ಕೆ ಅಟ್ಟಿದ್ದಾಯಿತು. ತುಂಬ ಎಂಬ ಊರಿನ ಹತ್ತಿರ ಕಡಲು ಕೇಳುವ ಒಂದು ಹಾಸ್ಟೆಲಿನಲ್ಲಿ ಅವಳು ಈಗ ಇರುವುದು.

ಓದಬೇಕಾದ ಭಾಗವನ್ನು ಪರಿಣತರೇ ಆರಿಸುವುದು ರೂಢಿ. ರಾಜೀವಿ ಕುಡಿಯುವ ನೀರಿನ ಟ್ಯಾಂಕಿ ಶುಚಿಗೊಳಿಸುವ ಬಗ್ಗೆ ಒಂದು ಪ್ರಕಟಣೆಯನ್ನು ತಾನೇ ರಚಿಸಿ, ಅಡುಗೆಮನೆಯ ಬಾಗಿಲು ಮುಚ್ಚಿ, ಫೋನಿಗೆ ಓದಿ ಮಗಳಿಗೆ ಕಳಿಸಿದ್ದಳು. ‘ಸಾರ್ವಜನಿಕರ ಗಮನಕ್ಕೆ’ ಎಂದು ಶುರುವಾಗುವ ಹೊತ್ತಿಗೆ ಹೊರಗೆ ಮೀನಿನವನ ಕೂಗು ಬಂದು ಅದೂ ಸೇರಿಕೊಂಡಿತ್ತು. ಕೇಳಿ ಬಾಯಿಪಾಠ ಮಾಡು, ಕಾಗದ ಕೈಯಲ್ಲಿ ಹಿಡಿ, ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿರಲಿ ಎಂದು ಬರೆದಿದ್ದಳು. ಅದಕ್ಕೆ ಮಗಳ ಉತ್ತರ ಒಂದು ಹೆಬ್ಬೆರಳಿನ ಚಿತ್ರ, ಅಷ್ಟೇ. ಗಂಡನಿಗೆ ಹೇಳಿದ್ದು ಆಫೀಸು ಕೆಲಸವೆಂದು. "ಇವತ್ತೇ ಅಲ್ವಾ ಅವಳ ಇಂಟರ್‌ವ್ಯೂ ಸಹ?" ಎಂದಿದ್ದ ಅವನು ಬೆಳಿಗ್ಗೆ ಬಸ್ಸಿನವರೆಗೆ ಬಂದು. "ಒಳ್ಳೇದಾಯ್ತು ಮಾರಾಯ್ತಿ. ಅವಳಿಗೆ ಸ್ವಲ್ಪ ಧೈರ್ಯ ಹೇಳು. ಒಳಗೆ ಯಾರು ಕೂತಿರ್ತಾರೋ, ಎಂಥವರೋ." ಅವನ ಮುಗ್ಧತೆಯ ಮೇಲೆ ರಾಜೀವಿಗೆ ಸಿಟ್ಟು ಬಂದಿತ್ತು. ಜತೆಗೆ ಬಾಳಿದವರಿಗೆ ಇಷ್ಟಾದರೂ ಸಂಶಯ ಬಾರದಿದ್ದರೆ ಅದು ಪ್ರೀತಿಯೋ ಅಸಡ್ಡೆಯೋ.

ನಿಗಮದ ಸಂದರ್ಶನದ ಕೋಣೆ ತಂಪಾಗಿತ್ತು, ಫಿನಾಯಿಲ್ ವಾಸನೆ ಇತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಇಬ್ರಾಹಿಂ ಸಾರ್, ನಿವೃತ್ತಿ ಹತ್ತಿರವಾದ, ಮೃದು ಮಾತಿನ ಮನುಷ್ಯ. ಪಕ್ಕದಲ್ಲಿ ಸಿಬ್ಬಂದಿ ವಿಭಾಗದ ಶ್ರೀಲೇಖ, ಇನ್ನೂ ಚಿಕ್ಕ ಪ್ರಾಯದವಳು. ಇಬ್ಬರಿಗೂ ಕನ್ನಡದ ಗಂಧವಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳು ಸಾಲು ಸಾಲು ಚೌಕಗಳಾಗಿ ಬಂದದ್ದರಿಂದ ರಾಜೀವಿ ಪ್ರಕಟಣೆಯನ್ನು ಕೈಯಲ್ಲೇ ಬರೆದುಕೊಡಬೇಕಾಯಿತು. ಒಂದು ಕಣ್ಣು ಬಾಗಿಲ ಮೇಲಿಟ್ಟು ಅವಸರದಲ್ಲಿ ಬರೆದಳು. "ಜಿಲೇಬಿ, ಜಿಲೇಬಿ. ನೋಡಿದರೇ ಹಸಿವಾಗುತ್ತದೆ," ಎಂದರು ಇಬ್ರಾಹಿಂ ಸಾರ್ ಕಾಗದವನ್ನು ದೂರ ಹಿಡಿದು. "ತಲೆಕೆಳಗಾಗಿ ಕೊಟ್ಟರೂ ನಮಗೆ ಗೊತ್ತಾಗಲಿಕ್ಕಿಲ್ಲ ಮೇಡಂ. ಕನ್ನಡದ ವಿಷಯದಲ್ಲಿ ಇಲ್ಲಿ ನೀವೇ ಸುಪ್ರೀಂ ಕೋರ್ಟ್." ಶ್ರೀಲೇಖ ನಕ್ಕಳು. ರಾಜೀವಿಯೂ ನಕ್ಕಳು. ಆ ನಗುವಿನಲ್ಲಿ ತನ್ನ ಹಲ್ಲು ಎಷ್ಟು ಕಂಡಿತೆಂದು ಆಮೇಲೆ ಬಹಳ ಹೊತ್ತು ಯೋಚಿಸಿದಳು. ಒಬ್ಬ ಹುಡುಗ ಬಂದು ಎಡವಿ ಎಡವಿ ಓದಿದ. ಒಬ್ಬಳು ಪರವಾಗಿಲ್ಲ ಎನ್ನುವಂತೆ ಓದಿದಳು. ನಡುವೆ ಚಹಾ ಬಂತು. ಆಮೇಲೆ ಜವಾನ ಬಾಗಿಲಲ್ಲಿ ನಿಂತು, "ಅನನ್ಯ ಜಿ." ಎಂದು ಕೂಗಿದ.

ಅರ್ಜಿಯಲ್ಲಿ ಅಪ್ಪನ ಹೆಸರು ಮಾತ್ರ ಇತ್ತು. ಅಮ್ಮಂದಿರ ಹೆಸರನ್ನು ಯಾರೂ ಕೇಳುವುದಿಲ್ಲವೆಂಬ ಸಂಗತಿ ರಾಜೀವಿಗೆ ಮೊದಲ ಸಲ ಉಪಕಾರಕ್ಕೆ ಬಂದಿತ್ತು. ಮಗಳು ತಿಳಿನೀಲಿ ಚೂಡಿದಾರದಲ್ಲಿ ಒಳಗೆ ಬಂದಳು. ಸೊರಗಿದ್ದಳು. ಹಾಸ್ಟೆಲಿನಲ್ಲಿ ಸರಿಯಾಗಿ ತಿನ್ನುವುದಿಲ್ಲ ಎಂಬ ಯೋಚನೆ ಮುಖಕ್ಕೆ ಬರುವ ಮೊದಲೇ ರಾಜೀವಿ ಅದನ್ನು ಹಿಡಿದು ಒಳಗೆ ತಳ್ಳಿ, ರೈಲಿನಲ್ಲಿ ಕಲಿತಂತೆ ಒಮ್ಮೆ ನೋಡಿ, ಕಣ್ಣು ತೆಗೆದು, ಪುನಃ ಏನೋ ಕೆಲಸಕ್ಕೆಂಬಂತೆ ನೋಡಿದಳು. ಚೆನ್ನಾಗಿ ಬಂತು. ಇಬ್ರಾಹಿಂ ಸಾರ್, "ಕೂತುಕೋ ಮೋಳೆ. ಹೆದರಬೇಡ, ಈ ಮೇಡಂ ಕಚ್ಚುವುದಿಲ್ಲ," ಎಂದು ಸ್ವಂತ ಮಗಳಿಗೆನ್ನುವಂತೆ ಹೇಳಿ ಕಾಗದ ಕೊಟ್ಟರು. ಅನನ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ತಾಯಿಯ ಕೈಬರಹ ಅವಳಿಗೆ ಗುರುತು ಸಿಕ್ಕಿರಬಹುದು. ಸಾಮಾನಿನ ಚೀಟಿಯಲ್ಲಿ, ಕೋರ್ಟಿನ ಕಾಗದಗಳ ಅಂಚಿನಲ್ಲಿ ನೋಡಿದ ಕೈ. ಏನು ಬರೆದಿದೆ ಎಂದಷ್ಟೇ ತಿಳಿಯದು. ಉಸಿರೆಳೆದುಕೊಂಡು ಓದತೊಡಗಿದಳು. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿತ್ತು.

"ನೀನು ಕಳಿಸಿದ್ದನ್ನು ಪೂರ್ತಿ ಕಲಿತಿದ್ದೇನೆ. ಈಗಲೂ ಹೇಳಲಿಕ್ಕೆ ಬರ್ತದೆ. ಆದರೆ ಹೇಳುವುದಿಲ್ಲ. ನನ್ನ ಮೋರೆ ನೋಡಬೇಡ. ಸುಮ್ಮನೆ ಹೌದು ಹೌದು ಅನ್ನುವ ಹಾಗೆ ಕೂತಿರು."

ರಾಜೀವಿಯ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ನಿಂತುಬಿಟ್ಟಿತು. ಇಬ್ರಾಹಿಂ ಸಾರ್ ಕಣ್ಣು ಮುಚ್ಚಿ, ದೂರದ ಸಂಗೀತ ಕಛೇರಿ ಕೇಳುವವರಂತೆ ತಲೆದೂಗುತ್ತಿದ್ದರು. ಕಾಗದ ಓದುವವರ ಏರಿಳಿತವೇ. ವಾಕ್ಯದ ಕೊನೆಗೆ ದನಿ ಇಳಿಯುತ್ತದೆ, ಸಾಲು ಮುಗಿದಲ್ಲಿ ಕಣ್ಣು ಹಿಂದಕ್ಕೆ ಹಾರುತ್ತದೆ. ಮಗಳು ಹುಟ್ಟಿದ ಮೇಲೆ ಇಷ್ಟು ಉದ್ದಕ್ಕೆ ಕನ್ನಡ ಆಡಿದ್ದನ್ನು ರಾಜೀವಿ ಕೇಳಿರಲಿಲ್ಲ. ಕಾಸರಗೋಡಿನ ಮನೆಗಳ ಕನ್ನಡ, ಅಜ್ಜಿ ಬಾಯಿಯದು. ಅದು ಇಷ್ಟು ವರ್ಷ ಆ ಹುಡುಗಿಯೊಳಗೆ ಎಲ್ಲಿ ಕೂತಿತ್ತು?

"ಹೊರಗೆ ನಮ್ಮ ಕಡೆಯವಳು ಒಬ್ಬಳು ಕೂತಿದ್ದಾಳೆ. ನಾನು ಬೆವರುವುದು ನೋಡಿ, ತಿನ್ನಲಿಕ್ಕೆ ತಂದದ್ದರಲ್ಲಿ ಅರ್ಧ ನನಗೆ ಕೊಟ್ಟಳು. ಅವಳಿಗೆ ಓದಲಿಕ್ಕೆ ಬರ್ತದೆ. ಇದು ಅವಳಿಗೆ ಸಿಗಬೇಕಾದದ್ದು. ನನಗೆ ಬರುವುದಿಲ್ಲ ಅಂತ ಹೇಳಿಬಿಡು. ಸುಳ್ಳಲ್ಲವಲ್ಲ."

ರಾಜೀವಿ ಹೆದರಿದ್ದು ಒಂದೇ ಪದಕ್ಕೆ. ‘ಅಮ್ಮ’ ಎಂದು ಒಮ್ಮೆ ಬಾಯಿತಪ್ಪಿ ಬಂದರೆ ಸಾಕು, ಈ ಕೋಣೆಯಲ್ಲಿ ಅದು ಯಾರಿಗೂ ಅನುವಾದ ಬೇಕಾಗದ ಪದ. ಆದರೆ ಮಗಳು ಜಾರಲಿಲ್ಲ. ಅವಳು ಮಲಯಾಳಿಗಳ ಕಿವಿಗೆ ಸಿಗಬಹುದಾದ ಪದಗಳನ್ನು ಆದಷ್ಟು ಬದಿಗೆ ಸರಿಸಿ ಹೋಗುತ್ತಿದ್ದಾಳೆಂದು ರಾಜೀವಿಗೆ ನಿಧಾನಕ್ಕೆ ಹೊಳೆಯಿತು. ‘ಉದ್ಯೋಗ’ ಇಲ್ಲ, ‘ಪರೀಕ್ಷೆ’ ಇಲ್ಲ, ಒಂದು ಊರಿನ ಹೆಸರಿಲ್ಲ. ಎರಡು ಭಾಷೆಗಳ ನಡುವಿನ ಗೋಡೆಯನ್ನು ಇಷ್ಟು ಚೆನ್ನಾಗಿ ಬಲ್ಲವರು ತನ್ನ ಆಫೀಸಿನಲ್ಲೂ ಇಲ್ಲವೆಂಬ ಹೆಮ್ಮೆ, ಹೊತ್ತಲ್ಲದ ಹೊತ್ತಿನಲ್ಲಿ, ಕೆಮ್ಮಿನ ಹಾಗೆ ಬಂತು.

"ಕಪ್ಪು ಕೋಟು ಹಾಕಿ ನಿಲ್ಲುವುದಕ್ಕೆ ನನಗೆ ನಾಚಿಕೆ ಇರಲಿಲ್ಲ. ನಿನಗೆ ಇತ್ತು. ಆವತ್ತು ನನ್ನನ್ನು ಕಂಡೂ ಆಚೆ ತಿರುಗಿ ಮೆಟ್ಟು ನೋಡ್ತಾ ನಿಂತೆ. ನಾನು ಗಾಜಿನಲ್ಲಿ ಕಂಡೆ. ಇವತ್ತು ಒಳಗೆ ಬರುವಾಗಲೂ ಹಾಗೇ ನೋಡಿದೆ. ಈಗ ಇನ್ನೂ ಚೆನ್ನಾಗಿ ಬರ್ತದೆ ನಿನಗೆ. ಇಷ್ಟೇ."

ಕಾಗದವನ್ನು ಮೇಜಿನ ಮೇಲಿಟ್ಟಳು. ಚಪ್ಪಲಿಗೆ ‘ಮೆಟ್ಟು’ ಎಂದದ್ದು ರಾಜೀವಿಯ ತಾಯಿಯ ಮಾತು. ರಾಜೀವಿಯೇ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಶ್ರೀಲೇಖ, "ಅಬ್ಬ, ಏನು ಓಟ! ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಕೇಳುತ್ತಲೇ ಇರೋಣ ಅನಿಸಿತು," ಎಂದಳು. ಇಬ್ರಾಹಿಂ ಸಾರ್ ಕಣ್ಣು ತೆರೆದು, "ಇದಲ್ಲವಾ ಮಾತೃಭಾಷೆ ಅಂದರೆ! ಹೇಗಿತ್ತು ಮೇಡಂ?" ಎಂದರು. ಇವಳಿಗೆ ಓದಲು ಬರುವುದಿಲ್ಲ ಎಂದು ಈಗ ಹೇಳುವುದು ಹೇಗೆ? ಇಬ್ಬರೂ ಕಿವಿಯಾರೆ ಕೇಳಿದ್ದಾರೆ. ಮಗಳು ಎಷ್ಟು ಚೆನ್ನಾಗಿ ಬೇಡವೆಂದಳೆಂದರೆ ಅವಳನ್ನು ಫೇಲು ಮಾಡುವ ದಾರಿಯನ್ನೇ ಮುಚ್ಚಿಬಿಟ್ಟಿದ್ದಳು. ರಾಜೀವಿ ಅಂಕದ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡದ್ದನ್ನು ಮೆಚ್ಚುಗೆಯೆಂದೇ ತಿಳಿದ ಇಬ್ರಾಹಿಂ ಸಾರ್ ಉತ್ಸಾಹದಿಂದ, ಯಾವ ಅಭ್ಯರ್ಥಿಗೂ ಕೇಳದ ಒಂದು ಪ್ರಶ್ನೆ ಕೇಳಿದರು. "ಮೋಳೆ, ಈಗ ಓದಿದ್ದರ ಅರ್ಥ ನಮಗೂ ಸ್ವಲ್ಪ ಮಲಯಾಳದಲ್ಲಿ ಹೇಳು ನೋಡೋಣ."

ಅನನ್ಯ ತಾಯಿಯ ಕಡೆ ನೋಡಿದಳು. ಅಪರಿಚಿತೆಯಂತಲ್ಲ. ರಾಜೀವಿಯ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಬೆವರೋ, ಬಿಳಿಚಿದ ತುಟಿಯೋ, ಆ ಹುಡುಗಿಯ ಗಲ್ಲದ ಬಿಗುವು ಸಡಿಲಾಯಿತು. ಮಲಯಾಳದಲ್ಲಿ ಶುರುಮಾಡಿದಳು. ಸಾರ್ವಜನಿಕರ ಗಮನಕ್ಕೆ. ಪಂಚಾಯತಿನ ಕುಡಿಯುವ ನೀರಿನ ಟ್ಯಾಂಕಿಯನ್ನು ಶುಚಿಗೊಳಿಸಲಾಗುವುದು. ಬ್ಲೀಚಿಂಗ್ ಪುಡಿ ಹಾಕಿದ ದಿನ ನಳ್ಳಿಯ ನೀರನ್ನು ಕುಡಿಯಬಾರದು, ಹಿಂದಿನ ಸಂಜೆಯೇ ಹಿಡಿದಿಡಬೇಕು. ಒಂದೂ ತಪ್ಪದೆ, ಮೀನಿನವನ ಕೂಗಿಗೆ ಅಡುಗೆಮನೆಯಲ್ಲಿ ರಾಜೀವಿ ತಡವರಿಸಿದ್ದ ಜಾಗದಲ್ಲಿ ತಾನೂ ತುಸು ತಡವರಿಸುತ್ತ. ತಾಯಿ ಸಿಕ್ಕಿಬೀಳಬಾರದೆಂದು, ಬೇಡವೆಂದ ಕೆಲಸವನ್ನು ಅವಳು ಗೆಲ್ಲುತ್ತಿದ್ದಳು. ಕನ್ನಡದಲ್ಲಿ ಒಂದು ಹೇಳಿ ಮಲಯಾಳದಲ್ಲಿ ಇನ್ನೊಂದು. ಆಗ ಆದದ್ದು ಇಷ್ಟೇ. ಪಶ್ಚಾತ್ತಾಪ ಪಡಲಿಕ್ಕೆ, ಧೈರ್ಯ ಒಟ್ಟು ಮಾಡಲಿಕ್ಕೆ ಎಲ್ಲ ರಾಜೀವಿಗೆ ಸಮಯವೇ ಇರಲಿಲ್ಲ. ಕನ್ನಡದಲ್ಲಿ ಆಡಿದ ಮಾತೊಂದು ತಪ್ಪು ಮಲಯಾಳವಾಗಿ ಅವಳ ಕಿವಿಗೆ ಬಿದ್ದಾಗ, ಸಾಕ್ಷಿಕಟ್ಟೆಯ ಪಕ್ಕದಲ್ಲಿ ಅರ್ಧ ಆಯುಷ್ಯ ನಿಂತ ಅವಳ ಬಾಯಿ ತಾನಾಗಿ ತೆರೆದುಕೊಂಡಿತು.

"ತರ್ಜುಮೆ ಸರಿಯಿಲ್ಲ ಸಾರ್," ಎಂದಳು.

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇಬ್ರಾಹಿಂ ಸಾರ್ ಇನ್ನೂ ನಗುತ್ತಲೇ, "ಸಣ್ಣಪುಟ್ಟ ತಪ್ಪು ಬಿಡಿ ಮೇಡಂ, ಮಕ್ಕಳಲ್ಲವಾ," ಎಂದರು. "ಸಣ್ಣದಲ್ಲ ಸಾರ್. ಅವಳು ಹೇಳಿದ್ದು ಇದಲ್ಲ." "ಮತ್ತೆ?" ಎಂದು ಕೇಳಿದ್ದು ಶ್ರೀಲೇಖ. ಅನನ್ಯ ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ ಎಂದು. ರಾಜೀವಿ ಎದ್ದು ನಿಂತಳು. ಕೂತುಕೊಂಡು ಅನುವಾದ ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ, ಕೋರ್ಟಿನ ಆ ಚಪ್ಪಟೆ ದನಿಯಲ್ಲಿ, ಅಚ್ಚ ಮಲಯಾಳದಲ್ಲಿ ಹೇಳ ಹೊರಟಳು. ‘ನೀನು ಕಳಿಸಿದ್ದನ್ನು ಪೂರ್ತಿ ಕಲಿತಿದ್ದೇನೆ.’ ಒಂದು ಪದ ಕೂಡಿಸಲಿಲ್ಲ, ಒಂದು ಪದ ಕಳೆಯಲಿಲ್ಲ. ‘ನನಗೆ ನಾಚಿಕೆ ಇರಲಿಲ್ಲ, ನಿನಗೆ ಇತ್ತು’ ಎಂದು ಹೇಳುವಾಗ ಆ ‘ನಾನು’ ಯಾರು, ‘ನೀನು’ ಯಾರು ಎಂದು ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ. ‘ಮೆಟ್ಟು’ ಎಂಬುದಕ್ಕೆ ಮಲಯಾಳದಲ್ಲಿ ಅಷ್ಟೇ ಹಳೆಯ ಪದ ಸಿಗಲಿಲ್ಲವೆಂಬ ಸಣ್ಣ ಅತೃಪ್ತಿ ಉಳಿಯಿತು. ಮುಗಿಸಿದಾಗ ಇಬ್ರಾಹಿಂ ಸಾರ್ ಮೆಲ್ಲಗೆ, "ಇದೆಲ್ಲ ಯಾರಿಗೆ ಹೇಳಿದ್ದು?" ಎಂದರು.

"ನನಗೆ ಸಾರ್. ಅವಳು ನನ್ನ ಮಗಳು."

ಅನನ್ಯಳನ್ನು ಹೊರಗೆ ಕಳಿಸಿ ಶ್ರೀಲೇಖ ಬಾಗಿಲು ಹಾಕಿದಳು. ರಾಜೀವಿ ಬೈಗುಳ ನಿರೀಕ್ಷಿಸಿದಳು, ಪೊಲೀಸರನ್ನೂ. ಇಂಥ ಆರೋಪಪಟ್ಟಿಗಳನ್ನು ಅವಳು ಅನುವಾದಿಸಿದ್ದಳು. ಸ್ಥಾನದ ದುರುಪಯೋಗ, ಸುಳ್ಳು ಹೇಳಿಕೆ, ಒಳಸಂಚು. ನೌಕರಿ ಹೋಗುತ್ತದೆ, ಪೆನ್ಶನ್ ಹೋಗುತ್ತದೆ, ಜೈಲೂ ಆದೀತು. ಆದರೆ ಇಬ್ರಾಹಿಂ ಸಾರ್ ಮುಖದಲ್ಲಿದ್ದದ್ದು ಸಿಟ್ಟಲ್ಲ, ಒಂದು ಬಗೆಯ ನೋವು. "ನೀವು ಇದನ್ನು ನಮಗೆ ಯಾಕೆ ಹೇಳಿದಿರಿ ಮೇಡಂ?" ಎಂದರು. "ಮಾಡಿದಿರಿ, ಸರಿ. ಹೇಳದೆ ಇರಬಹುದಿತ್ತಲ್ಲ. ಈಗ ನಾನು ವರದಿ ಬರೆಯಬೇಕು. ಬರೆಯದಿದ್ದರೆ ಹೋಗುವುದು ನನ್ನ ಪೆನ್ಶನ್." ಶ್ರೀಲೇಖ ಇವತ್ತಿನ ಸಂದರ್ಶನ ರದ್ದು ಮಾಡೋಣವೇ ಎಂದಳು. ರದ್ದಾದರೆ ಹುದ್ದೆಯೇ ರದ್ದಾಗುತ್ತದೆಂದು ಸಾರ್ ವಿವರಿಸಿದರು. ಅದಕ್ಕೆ ಮಂಜೂರಿ ಸಿಗಲು ಎಷ್ಟು ವರ್ಷ ಹಿಡಿದಿತ್ತೆಂದು ಅವರಿಗೆ ಮಾತ್ರ ಗೊತ್ತು. ಬೇರೆ ಯಾರಿಗಾದರೂ ಕನ್ನಡ ಬರುತ್ತದೆಯೇ ಎಂದು ಶ್ರೀಲೇಖ ಫೋನು ಮಾಡಿ ಮಾಡಿ ಸೋತಳು. ಯಾರೋ ಒಬ್ಬರಿಗೆ ತೆಲುಗು ಬರುತ್ತಿತ್ತು. ಕೊನೆಗೆ ಇಬ್ರಾಹಿಂ ಸಾರ್ ಕನ್ನಡಕ ಒರೆಸುತ್ತ, "ಮೇಡಂ, ಹೊರಗೆ ಇನ್ನೂ ಮಕ್ಕಳಿದ್ದಾರೆ. ಅವರದ್ದೊಂದು ಮುಗಿಸಿಕೊಡಿ. ನಿಮ್ಮ ಮಗಳಿಗೆ ಗೈರುಹಾಜರು ಅಂತ ಹಾಕುತ್ತೇನೆ. ವರದಿ ನಾಳೆ ಬರೆಯುತ್ತೇನೆ. ಊಟಕ್ಕೆ ಬಿರಿಯಾಣಿ ಹೇಳಿದ್ದೆ, ನೀವು ವೆಜ್ಜಾ?" ಎಂದರು. "ಈಗ ನೀವು ಸುಳ್ಳು ಹೇಳಲಾರಿರಿ ಎಂಬುದು ನಮಗೆ ಖಾತ್ರಿ," ಎಂದೂ ಸೇರಿಸಿದರು.

ಹೀಗೆ, ಅಪರಾಧ ಒಪ್ಪಿಕೊಂಡ ಮೇಲೂ ರಾಜೀವಿ ಅದೇ ಕುರ್ಚಿಯಲ್ಲಿ ಕೂತು, ಅದೇ ಪೆನ್ನಿನಿಂದ ಅಂಕ ಹಾಕುತ್ತ ಹೋದಳು. ಪಾವನಾ ಎಂಬವಳು ಬಂದಳು, ಮಂಜೇಶ್ವರದ ಕಡೆಯ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಕೈಯಲ್ಲಿ ಖಾಲಿ ತಿಂಡಿ ಡಬ್ಬಿಯ ಚೀಲ. ಅರ್ಧ ತಿಂಡಿ ಕೊಟ್ಟವಳು ಇವಳೇ. ಓದುತ್ತ ಓದುತ್ತ ನಡುವೆ ನಿಂತು, ಹುಬ್ಬು ಗಂಟಿಕ್ಕಿ, "ಮೇಡಂ, ಒಂದು ಕೇಳ್ಬಹುದಾ? ಇದ್ರಲ್ಲಿ ಬ್ಲೀಚಿಂಗ್ ಪುಡಿ ಹಾಕಿದ ದಿವಸ ನೀರು ಕುಡಿಯಬೇಕು ಅಂತ ಉಂಟು. ಕುಡಿದ್ರೆ ಹೊಟ್ಟೆ ಕೆಡ್ತದಲ್ವಾ?" ಎಂದಳು. ರಾಜೀವಿ ಕಾಗದ ತೆಗೆದುಕೊಂಡು ನೋಡಿದಳು. ಅವಸರದ ಕೈ ಬರೆದದ್ದು ಹಾಗೆಯೇ. ಬೆಳಿಗ್ಗೆಯಿಂದ ಓದಿದವರಲ್ಲಿ ಯಾರೂ, ಬರೆದವಳೂ, ಗಮನಿಸಿರಲಿಲ್ಲ. "ಹೌದು. ತಪ್ಪಾಗಿದೆ," ಎಂದು ಅವಳು ಅಲ್ಲೇ ತಿದ್ದಿ ಪೂರ್ತಿ ಅಂಕ ಹಾಕಿದಳು. ಅದನ್ನು ನೋಡಿ ಇಬ್ರಾಹಿಂ ಸಾರ್ ಪಿಸುಗುಟ್ಟಿದರು. "ಚೆನ್ನಾಗಿ ಓದಿದಳಾ? ನಮಗೇನೋ ನಿಮ್ಮ ಮಗಳ ಓಟವೇ ಹಿತವಾಗಿತ್ತು."

ಗೇಟಿನ ಹೊರಗೆ ಬಸ್ ಸ್ಟಾಪಿನಲ್ಲಿ ಅನನ್ಯ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅತ್ತಿದ್ದಿರಲೂಬಹುದು. ರಾಜೀವಿ ಪಕ್ಕದಲ್ಲಿ ಹೋಗಿ ನಿಂತಳು.  ಎದುರಿನ ಲಾಟರಿ ಅಂಗಡಿಯನ್ನು ನೋಡುತ್ತಲೇ ಅನನ್ಯ ಮಲಯಾಳದಲ್ಲಿ, "ನಾನು ಅಮ್ಮನ ಹತ್ತಿರ ಅಲ್ಲವಾ ಹೇಳಿದ್ದು?" ಎಂದಳು. "ಅವರ ಹತ್ತಿರ ಅಲ್ಲ. ನಾನು ಒಂದೇ ಒಂದು ಸಲ ಅಮ್ಮನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. ಅದನ್ನು ಎದ್ದು ನಿಂತು ಊರಿಗೆಲ್ಲ ಹೇಳಿದ್ದಾಯಿತು."

"ನೀನು ಅರ್ಥ ತಪ್ಪು ಹೇಳಿದೆ," ಎಂದಳು ರಾಜೀವಿ.

ಅನನ್ಯ ನಗುವುದೋ ಅಳುವುದೋ ತಿಳಿಯದ ಮುಖ ಮಾಡಿ, ಹಣೆ ಚಚ್ಚಿಕೊಂಡಳು. "ಅಮ್ಮನನ್ನು ಉಳಿಸಲಿಕ್ಕೆ ಹೇಳಿದ್ದು ಅದು! ಏನು ಮಾಡುತ್ತಾರೆ ಈಗ?" ತನಿಖೆ ಮಾಡುತ್ತಾರೆಂದು ರಾಜೀವಿ ಹೇಳಿದಳು. ಸಸ್ಪೆಂಡು ಮಾಡಬಹುದು. ನಿನ್ನನ್ನೂ ಕರೆಸುತ್ತಾರೆ. ಅಪ್ಪನಿಗೆ ಹೇಳಬೇಕಾಗುತ್ತದೆ. ಇದನ್ನೆಲ್ಲ ಹೇಳುವಾಗ ದನಿ ಆ ಚಪ್ಪಟೆಯಲ್ಲೇ ಉಳಿದದ್ದು ಅವಳಿಗೆ ಸೋಜಿಗವಾಯಿತು, ಬೇರೆ ಯಾರದೋ ಹೇಳಿಕೆಯೆಂಬಂತೆ. ಬಸ್ಸು ಬಂತು. ಹೆಂಗಸರ ಸೀಟು ಖಾಲಿಯಿತ್ತು. ಕೂತ ಮೇಲೆ ಅನನ್ಯ, ಸುತ್ತಮುತ್ತ ಜನರಿದ್ದಾರೆಂದೋ ಏನೋ, ದನಿ ತಗ್ಗಿಸಿ ಕನ್ನಡದಲ್ಲಿ ಕೇಳಿದಳು.

"ಒಳಗೆ ಕನ್ನಡ ಗೊತ್ತಿದ್ದವರು ಯಾರಿದ್ರು, ನೀನೊಬ್ಬಳಲ್ವಾ?"

"ಹೌದು."

"ನಾನು ಓದಿದ್ದು ಟ್ಯಾಂಕಿಯದ್ದೇ ಅಂತ ನಾನು ಹೇಳ್ತೇನೆ. ಮಗಳನ್ನು ಕಂಡು ಅಮ್ಮನಿಗೆ ಮಂಡೆ ಬೆಚ್ಚ ಆಯ್ತು, ಎಂತೆಂತದೋ ಹೇಳಿದ್ರು ಅಂತ. ಕಾಗದದಲ್ಲಿ ಇದ್ದದ್ದೂ ಅದೇ, ನಾನು ಅರ್ಥ ಹೇಳಿದ್ದೂ ಅದೇ. ಅವರು ಇಬ್ಬರೂ ಕೇಳಿದ್ದಾರೆ. ನೀನು ಅಲ್ಲಿ ಕೂತದ್ದು ತಪ್ಪು, ಅದು ಹೌದು. ಮೊದಲೇ ಓದಿ ಕಳಿಸಿಕೊಟ್ಟದ್ದು ಯಾರಿಗೆ ಗೊತ್ತು? ಅದನ್ನು ಫೋನಿನಿಂದ ಆಗಲೇ ತೆಗೆದಿದ್ದೇನೆ. ಜೈಲು ಆಗುವಂಥದ್ದು ಎಂತ ಉಂಟು ಅದ್ರಲ್ಲಿ?"

ಆ ವಾಕ್ಯಗಳಲ್ಲಿ ಎಲ್ಲಿಯೂ ಮಲಯಾಳ ಇಣುಕಿರಲಿಲ್ಲ. ರಾಜೀವಿ ಸುಳ್ಳಿನಲ್ಲಿ ಬಿರುಕು ಹುಡುಕಿದಳು, ವಕೀಲರು ಹುಡುಕುವ ಹಾಗೆ. "ತನಿಖೆಗೆ ರತ್ನಾಕರ ಮಾಸ್ಟರನ್ನು ಕರೆಸಿ, ನಿನ್ನ ಕೈಗೆ ಬೇರೆ ಕಾಗದ ಕೊಟ್ಟು ಓದು ಅಂದ್ರೆ?"

"ಅದಕ್ಕೆ ಎಷ್ಟು ಸಮಯ ಹಿಡಿತದೆ?"

"ಸರಕಾರದ ಕೆಲಸ. ತಿಂಗಳುಗಟ್ಟಲೆ."

"ಅಷ್ಟರಲ್ಲಿ ಕಲಿತರೆ ಆಯ್ತಲ್ಲ," ಎಂದು ಅನನ್ಯ ಎಡಗೈಯನ್ನು ತಾಯಿಯ ಮಡಿಲಲ್ಲಿ ಅಂಗೈ ಮೇಲೆ ಮಾಡಿ ಇಟ್ಟಳು.

ಸಾಕ್ಷಿಗೆ ಹೇಳಿಕೊಟ್ಟು ತಯಾರು ಮಾಡುವುದು ಯಾವ ಕಲಮಿನಲ್ಲಿ ಬರುತ್ತದೆಂದು ರಾಜೀವಿಗೆ ಗೊತ್ತಿತ್ತು. ಬೆಳಿಗ್ಗೆ ಮಾಡಿದ್ದಕ್ಕಿಂತ ಇದು ಸಣ್ಣದೇನಲ್ಲ. ಆ ಕೈಯನ್ನು ನೋಡುತ್ತ ಕೂತಳು. ಬಸ್ಸು ಸಿಗ್ನಲಿನಲ್ಲಿ ನಿಂತಿತು, ಹೊರಟಿತು. ಆಮೇಲೆ ಚೀಲದಿಂದ ಪೆನ್ನು ತೆಗೆದು, ಹಿಂದಿನ ಸೀಟಿನವರು ನೋಡುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಮಗಳ ಅಂಗೈಯಲ್ಲಿ ದೊಡ್ಡದಾಗಿ ಬರೆದಳು.

"ಸಾ," ಎಂದಳು ಮೆಲ್ಲಗೆ. "ಸಾರ್ವಜನಿಕರ ‘ಸಾ’. ಹೇಳು."